ಹೆಗ್ಗಣಕ್ಕೆ ರಾಣಿ ಇಲ್ಲ

ಮಾನ್ಯ ಸಂಪಾದಕರೇ,

ನಮ್ಮ ಕಬ್ಬಿನ ಹೊಲದ ಹೆಗ್ಗಣಕ್ಕೆ ಇಂಗ್ಲಿಷ್‌ನಲ್ಲಿ ‘ಇಂಡಿಯನ್ ಮೋಲ್ ರ್‍ಯಾಟ್’ ಎಂಬ ಹೆಸರೂ ಉಂಟು. ಈ ಹೆಸರಿನಿಂದಾಗಿ ನೆಲದಡಿಯೇ ಬದುಕುವ ಆಫ್ರಿಕಾದ ಮೋಲ್ ರ್‍ಯಾಟ್‌ಗಳ ವಿಚಾರವೆಲ್ಲ (ಜೇನಿನಂತೆ ಗುಂಪಿಗೊಂದು ರಾಣಿ ಇರುತ್ತದೆ ಎಂಬುದೂ ಸೇರಿ) ಇದರ ಲೆಕ್ಕಕ್ಕೇ ಜಮಾ ಆಗುತ್ತದೆ. ಹಾಗಾಗಬಾರದು.

ಹೆಗ್ಗಣ (ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್) ಮ್ಯೂರಿಡೇ ಕುಟುಂಬದ್ದು, ಮನೆಯ ಇಲಿ, ಸುಂಡಿಲಿಗಳ ಬಳಗ. ಆಫ್ರಿಕಾದವು ಬಾಥಿಯರ್ಗಿಡೇ ಕುಟುಂಬದವು. ಅವಕ್ಕೆ ನಮ್ಮ ಸೀಮೆಯಲ್ಲಿ ಹತ್ತಿರದ ನೆಂಟ ಯಾರೆಂದರೆ ಮುಳ್ಳುಹಂದಿ! ಈ ನಂಟಿನ ಗುರುತು ಎರಡರ ಕೆಳದವಡೆಯ ಮೂಳೆಯಲ್ಲೂ ಇದೆ: ಅದರ ಹಿಂಬದಿಯ ಮೂಲೆ ಬಾಚಿಹಲ್ಲಿನ ಸಾಲಿಗಿಂತ ಹೊರಕ್ಕೆ ಸರಿದು ಹುಟ್ಟುತ್ತದೆ. ಆದರೆ ಮುಳ್ಳುಹಂದಿಯಲ್ಲಿ ತಲೆಬುರುಡೆಯಲ್ಲಿ ಕಣ್ಣಿನ ಮುಂದಿನ ದೊಡ್ಡ ರಂಧ್ರದ ಮೂಲಕ ದವಡೆಯ ಸ್ನಾಯು ಹಾಯುತ್ತದೆ, ಮೋಲ್ ರ್‍ಯಾಟ್‌ನಲ್ಲಿ ಆ ರಂಧ್ರ ಸಣ್ಣದು. ವರ್ಗೀಕರಣಕಾರರು ಬಹುಕಾಲ ತಡಕಾಡಿದ್ದು ಇದರಿಂದಲೇ. ಡಿಎನ್‌ಎ ಬಂದ ಮೇಲೆ ದವಡೆಯ ಸಾಕ್ಷಿಯೇ ಗೆದ್ದಿತು. ಮುಳ್ಳುಹಂದಿ ಹಂದಿಯಲ್ಲ, ಮೋಲ್ ರ್‍ಯಾಟ್ ಇಲಿಯೂ ಅಲ್ಲ, ಹುಳು ತಿನ್ನುವ ಮೋಲ್ ಅಂತೂ ಅಲ್ಲವೇ ಅಲ್ಲ. ಹೆಗ್ಗಣದ ಇನ್ನೊಂದು ಇಂಗ್ಲಿಷ್ ಹೆಸರು ‘ಬ್ಯಾಂಡಿಕೂಟ್’ ಕೂಡ ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿಯಿಲಿ!

ಬಾಥಿಯರ್ಗಿಡೇ ಕುಟುಂಬದೊಳಗೂ ಪಟ್ಟಿ ಬದಲಾಗುತ್ತಲೇ ಇದೆ. 2006ರಲ್ಲಿ ಕ್ರಿಪ್ಟೋಮಿಸ್ ಕುಲದಿಂದ ಫುಕೋಮಿಸ್ ಎಂಬ ಕುಲವನ್ನು ಬೇರ್ಪಡಿಸಿದರು. ಕೂದಲಿಲ್ಲದ ಮೋಲ್ ರ್‍ಯಾಟ್‌ಗೆ ಹೆಟೆರೋಸೆಫಾಲಿಡೇ ಎಂಬ ಪ್ರತ್ಯೇಕ ಕುಟುಂಬವೇ ಇರಲಿ ಎಂಬ ವಾದ 2014ರಲ್ಲಿ ಬಂತು, ಎಲ್ಲರೂ ಒಪ್ಪಿಲ್ಲ. ಈ ಕೂದಲಿಲ್ಲದ ಜಾತಿಯಲ್ಲಿ ಜೇನಿನಂತೆ ಗುಂಪಿನ ಒಂದು ಹೆಣ್ಣು, ಅಂದರೆ ‘ರಾಣಿ’, ಮಾತ್ರ ಮರಿ ಹಾಕುತ್ತದೆ. ಗುಂಪಿನಲ್ಲಿ ಸಾಮಾನ್ಯವಾಗಿ 70–80 ಇರುತ್ತವೆ. ಡ್ಯೂನ್ ಮೋಲ್ ರ್‍ಯಾಟ್, ಕೇಪ್ ಮೋಲ್ ರ್‍ಯಾಟ್‌ಗಳು ಒಂಟಿ.

ಹೆಗ್ಗಣವೂ ಹೆಚ್ಚಾಗಿ ಒಂಟಿಯೇ: ಒಂದು ಬಿಲಕ್ಕೆ ದೊಡ್ಡದು ಒಂದು, ಇಲ್ಲವೇ ತಾಯಿ-ಮರಿಗಳು. ‘ರಾಣಿ’ಯನ್ನು ಕೊಂದರೆ ಹೊಲ ಖಾಲಿಯಾದೀತು ಎಂದು ಕಾಯುವಂತಿಲ್ಲ, ಪ್ರತಿ ಜೀವಂತ ಬಿಲಕ್ಕೂ ಮದ್ದು ಇಡಬೇಕು. ಸಂಜೆ ಬಿಲದ ಬಾಯಿಯ ಮಣ್ಣುಗುಡ್ಡೆಗಳನ್ನು ಸಮ ಮಾಡಿ. ಬೆಳಿಗ್ಗೆ ಹೊಸ ಮಣ್ಣು ಕಂಡದ್ದೇ ಜೀವಂತ ಬಿಲ. ಎರಡು ದಿನ ಎಣ್ಣೆ ಹಚ್ಚಿದ ಬರೀ ನುಚ್ಚು, ಬಿಲಕ್ಕೆ 20 ಗ್ರಾಂನಂತೆ. ಮೂರನೆಯ ದಿನ 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಜಿಂಕ್ ಫಾಸ್ಫೈಡ್ (ಇಲಿ ವಿಷ) ಕೋಲಿನಿಂದ ಕಲಸಿ, 10 ಗ್ರಾಂನ ಕಾಗದದ ಪೊಟ್ಟಣ ಮಾಡಿ ಬಿಲದ ಒಳಗೆ ತಳ್ಳಿ ಬಾಯಿ ಮುಚ್ಚಬೇಕು. ಬರೀ ನುಚ್ಚಿನ ಎರಡು ದಿನವನ್ನು ತಪ್ಪಿಸಿದವರಿಗೆ ಕೆಲಸ ಕೆಡುತ್ತದೆ: ಹೆಗ್ಗಣ ಚೂರು ರುಚಿ ನೋಡಿ, ಹೊಟ್ಟೆ ಕೆಟ್ಟು ಬದುಕುಳಿಯುತ್ತದೆ, ಮತ್ತೆ ವಾರಗಟ್ಟಲೆ ಆ ತಿನಿಸು ಮುಟ್ಟುವುದಿಲ್ಲ. ಉಳಿದವಕ್ಕೆ ಹಾಗಾಗಿ ಅದೇ ಮದ್ದು ಬೇಡ. 10–12 ದಿನದ ಮೇಲೆ 0.005% ಬ್ರೊಮಾಡಿಯೋಲೋನ್ ಎಂಬ ಇನ್ನೊಂದು ಇಲಿ ಮದ್ದಿನ ತಿನಿಸು, ಬಿಲಕ್ಕೆ 15 ಗ್ರಾಂ. ಅದು ನಿಧಾನಕ್ಕೆ ಕೊಲ್ಲುವುದರಿಂದ ಹೆಗ್ಗಣಕ್ಕೆ ಅನುಮಾನ ಬಾರದು.

ಜಿಂಕ್ ಫಾಸ್ಫೈಡ್‌ಗೆ ಪ್ರತಿಮದ್ದು ಇಲ್ಲ. ಬರಿಗೈ ತಾಗಿಸಬೇಡಿ. ಸತ್ತವನ್ನು ನಾಯಿ, ಹದ್ದುಗಳ ಬಾಯಿಗೆ ಬೀಳದಂತೆ ಆಳವಾಗಿ ಹೂಳಿ.

– ಓದುಗ, ಮುಧೋಳ, ಬಾಗಲಕೋಟೆ ಜಿಲ್ಲೆ