ಮಕ್ಕಳು ವೇವ್ ಪೂಲಿಗೆ ಇಳಿದಾಗ ಮೇಷ್ಟ್ರು ಎಲ್ಲಿರುತ್ತಾರೆ?

ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರು. ನಾವು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತೇವೆ. ಮಕ್ಕಳದ್ದು ಒಂದೇ ಹಟ: 'ಮಿಸ್, ವಂಡರ್‌ಲಾ.' ಮಂಡ್ಯ ಕಡೆಯವರಿಗೆ ಅದೇನು ದೂರವಲ್ಲ. ಒಂದು ಕಡೆ ಬಿಡದಿ, ಇನ್ನೊಂದು ಕಡೆ ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ಶಾಲೆಯ ಗುಂಪಿಗೆ ಟಿಕೆಟ್ ದರದಲ್ಲಿ ರಿಯಾಯಿತಿಯೂ ಸಿಗುತ್ತದೆ. ಹೋಗಲಿ ಬಿಡಿ, ನನಗೇನೂ ಬೇಜಾರಿಲ್ಲ. ಶಿಲ್ಪಕಲೆ ನೋಡಿದರೆ ಮಾತ್ರ ಪ್ರವಾಸ ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ವರ್ಷಪೂರ್ತಿ ಹೋಮ್‌ವರ್ಕ್ ಬರೆದ ಮಕ್ಕಳು ಒಂದು ದಿನ ಕುಣಿದು ಕುಪ್ಪಳಿಸಿ ಬಂದರೆ ಯಾರ ಗಂಟೇನು ಹೋಯಿತು?

ನನ್ನ ತಕರಾರು ಜೊತೆಗೆ ಹೋಗುವ ದೊಡ್ಡವರ ಬಗ್ಗೆ. ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿಯೇ ಇರುತ್ತದೆ. ರೋಲರ್ ಕೋಸ್ಟರ್ ಕ್ಯೂನಲ್ಲಿ ಮೇಷ್ಟ್ರು ಇರುತ್ತಾರೆ, ತಲೆ ಎಣಿಸುತ್ತಾರೆ, ಹೆದರಿದವರಿಗೆ ಧೈರ್ಯ ಹೇಳುತ್ತಾರೆ. ಊಟ ಮುಗಿದು ನೀರಿನ ಕಡೆ ಹೋದಾಗ ಗುಂಪು ಎರಡಾಗುತ್ತದೆ. ಮಕ್ಕಳು ಡ್ರೆಸ್ ಬದಲಿಸಿ ಓಡುತ್ತಾರೆ. ಮೇಷ್ಟ್ರು, ಮಿಸ್‌ಗಳು ಬ್ಯಾಗು, ಚಪ್ಪಲಿ, ವಾಚು, ಕನ್ನಡಕ ಕಾಯುತ್ತ ನೆರಳು ಹುಡುಕಿ ಕೂರುತ್ತಾರೆ. ಕೇಳಿದರೆ 'ಲೈಫ್‌ಗಾರ್ಡ್ ಇದ್ದಾರಲ್ವಾ' ಅಂತಾರೆ. ಇಡೀ ದಿನದಲ್ಲಿ ಮಕ್ಕಳ ಹತ್ತಿರ ನಿಲ್ಲಲೇಬೇಕಾದ ಹೊತ್ತು ಯಾವುದೋ, ಆ ಹೊತ್ತಿಗೇ ನಾವು ಮಾಯ.

ಜಾಸ್ತಿ ಭಯ ಹುಟ್ಟಿಸುವ ಆಟವೇ ಜಾಸ್ತಿ ಅಪಾಯ ಅಂತ ನಮ್ಮ ಲೆಕ್ಕ. ಬಿಡದಿಯ 'ರಿಕಾಯಿಲ್' ಕೋಸ್ಟರ್ ಜನರನ್ನು ತಲೆಕೆಳಗಾಗಿ ಸುತ್ತಿಸಿ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಕೆಳಗೆ ನಿಂತು ನೋಡಿದವರಿಗೇ ಹೊಟ್ಟೆ ತೊಳಸುತ್ತದೆ. ಆದರೆ ಇಂಥ ಆಟಗಳಲ್ಲಿ ಹತ್ತುವ ಮೊದಲೇ ಮಗುವಿನ ಎತ್ತರ ಅಳೆಯುತ್ತಾರೆ. ಎದೆಗೆ ಬಾರ್ ಬೀಳುತ್ತದೆ. ಸಿಬ್ಬಂದಿ ಒಂದೊಂದು ಸೀಟನ್ನೂ ಎಳೆದು ನೋಡಿದ ಮೇಲೆ ಗಾಡಿ ಹೊರಡುತ್ತದೆ. ವೇವ್ ಪೂಲ್‌ನಲ್ಲಿ, ಅಂದರೆ ಯಂತ್ರದಿಂದ ಅಲೆ ಎಬ್ಬಿಸುವ ಕೊಳದಲ್ಲಿ, ಬಾರೂ ಇಲ್ಲ, ಬೆಲ್ಟೂ ಇಲ್ಲ. ನೋಡೋಕೆ ಮಕ್ಕಳಾಟ.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮಕ್ಕಳಿಗೆ ವಿಜ್ಞಾನದ ಪಾಠದಲ್ಲಿ ಹೇಳಬಹುದು, ಅಷ್ಟು ಸರಳ. ಕೊಳದ ಒಂದು ತುದಿ ಬೀಚಿನ ಹಾಗೆ ಇಳಿಜಾರು. ಇನ್ನೊಂದು ತುದಿಯಲ್ಲಿ ಗೋಡೆ, ಆಳವೂ ಅಲ್ಲೇ. ಸಾಮಾನ್ಯವಾಗಿ ಆ ಗೋಡೆಯ ಹಿಂದೆ ಸಾಲಾಗಿ ಕೋಣೆಗಳಿರುತ್ತವೆ. ದೊಡ್ಡ ಫ್ಯಾನ್‌ಗಳು ಆ ಕೋಣೆಗಳಿಗೆ ಗಾಳಿ ನುಗ್ಗಿಸಿ ನೀರನ್ನು ಕೆಳಕ್ಕೆ ಒತ್ತುತ್ತವೆ, ಆಮೇಲೆ ಬಿಡುತ್ತವೆ. ಒತ್ತುವುದು, ಬಿಡುವುದು, ಇಷ್ಟರಲ್ಲೇ ಅಲೆ ಹುಟ್ಟುತ್ತದೆ. ಅಮೆರಿಕದ ಅರಿಜೋನಾದಲ್ಲಿ, ಸುತ್ತ ಮರುಭೂಮಿ ಇರುವ ಟೆಂಪಿ ಊರಿನಲ್ಲಿ, 1969ರಲ್ಲಿ 'ಬಿಗ್ ಸರ್ಫ್' ಅಂತ ಒಂದು ಕೊಳ ಮಾಡಿದರು. ಆ ದೇಶದ ಮೊದಲ ವೇವ್ ಪೂಲ್ ಅಂತ ಹೆಸರಾಗಿದ್ದು ಅದೇ. ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವವರಿಗೆ, ಅಂದರೆ ಚೆನ್ನಾಗಿ ಈಜು ಬಲ್ಲವರಿಗೆ ಮಾಡಿದ್ದು. ನಾವು ಅದೇ ಅಲೆಗೆ ಕಡಲನ್ನೇ ಕಾಣದ, ಈಜೂ ಬಾರದ ಮಕ್ಕಳನ್ನು ಬಸ್ಸುಗಟ್ಟಲೆ ತಂದು ಇಳಿಸುತ್ತೇವೆ.

ಸೈರನ್ ಕೂಗುತ್ತದೆ. ಅಲೆ ಶುರುವಾಗುತ್ತದೆ ಅಂತ ಎಲ್ಲರೂ ಒಳಗೆ ನುಗ್ಗುತ್ತಾರೆ. ನೀರು ಎದೆಮಟ್ಟ ಇದ್ದಲ್ಲಿ ಮಗು ನಿಂತಿರುತ್ತದೆ. ಅಲೆ ಬಂದಾಗ ಕಾಲು ನೆಲ ಬಿಡುತ್ತದೆ. ಅಲೆ ದಡಕ್ಕೆ ಹೋಗಿ ಹಿಂದೆ ಸರಿಯುವಾಗ ಕಾಲಡಿಯ ನೀರು ಆಳದ ಕಡೆ ಎಳೆಯುತ್ತದೆ. ಮತ್ತೆ ಕಾಲು ಊರಿದಾಗ ಮೊದಲು ನಿಂತ ಜಾಗ ಅಲ್ಲ ಅದು. ಸುತ್ತ ನೂರಾರು ತಲೆ, ಟ್ಯೂಬ್‌ಗಳು, ಹಾಡು, ಕಿರುಚಾಟ. ಖುಷಿಗೆ ಕಿರುಚಿದ್ದು ಯಾವುದು, ಭಯಕ್ಕೆ ಕಿರುಚಿದ್ದು ಯಾವುದು? ಅದಕ್ಕಿಂತ ಕಷ್ಟದ ವಿಷಯ, ನಿಜವಾಗಿ ಮುಳುಗುತ್ತಿರುವವರು ಕಿರುಚುವುದೇ ಇಲ್ಲ. ಫ್ರಾಂಕ್ ಪಿಯಾ ಎಂಬ ಅಮೆರಿಕದ ಲೈಫ್‌ಗಾರ್ಡ್ ಇದನ್ನು ವರ್ಷಗಟ್ಟಲೆ ಗಮನಿಸಿ ವಿವರಿಸಿದ್ದಾರೆ. ಮುಳುಗುವವರು ಕೈ ಎತ್ತಿ ಬೀಸುವುದಿಲ್ಲ. ಉಸಿರಿಗೇ ಹೋರಾಡುವಾಗ ಕೂಗುವುದಕ್ಕೆ ಉಸಿರೆಲ್ಲಿ? ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಾರೆ, ಅಷ್ಟೇ. ನೆಟ್ಟಗೆ ನಿಂತ ಹಾಗೇ ಕಾಣುತ್ತಾರೆ. ಹೀಗೆ ಇರುವುದು 20ರಿಂದ 60 ಸೆಕೆಂಡು. ಆಮೇಲೆ ಕೆಳಗೆ.

ಹೋದ ವರ್ಷ ನಮ್ಮ ಏಳನೇ ಕ್ಲಾಸಿನ ಹುಡುಗಿಯೊಬ್ಬಳನ್ನು ನಾನು ಹಾಗೆ ನೋಡಿದೆ. ಯಾವ ಪಾರ್ಕ್ ಅನ್ನುವುದು ಇಲ್ಲಿ ಮುಖ್ಯವಲ್ಲ. ವಿಶ್ವೇಶ್ವರಯ್ಯ ನಾಲೆಯ ಮೆಟ್ಟಿಲಲ್ಲಿ ಆಡಿ ಬೆಳೆದವಳು. 'ನಂಗೆ ಈಜು ಬರುತ್ತೆ ಮಿಸ್' ಅಂತ ಬಸ್ಸಿನಲ್ಲೇ ಹೇಳಿದ್ದಳು. ನಾನು ಸೊಂಟಮಟ್ಟದ ನೀರಿನಲ್ಲಿದ್ದೆ. ಅವಳು ನನ್ನಿಂದ ನಾಲ್ಕು ಮಾರು ದೂರ. ಒದ್ದೆ ಕೂದಲು ಕಣ್ಣು, ಮೂಗಿನ ಮೇಲೆ ಅಂಟಿಕೊಂಡಿತ್ತು, ಅದನ್ನು ಅವಳು ಸರಿಸುತ್ತಿರಲಿಲ್ಲ. ನನಗೆ ದಿಗಿಲಾಗಿದ್ದು ಅದಕ್ಕೇ. ಯಾವ ಹುಡುಗಿಯಾದರೂ ಮೊದಲು ಕೂದಲು ಸರಿಸಿಕೊಳ್ಳುತ್ತಾಳೆ, ಅಲ್ವಾ? ಬಾಯಿ ಮೇಲೆ ಬರುತ್ತಿತ್ತು, ನೀರಿಗೆ ಇಳಿಯುತ್ತಿತ್ತು. ಕೈಗೆಟುಕುವಷ್ಟು ಹತ್ತಿರದಲ್ಲಿ ಅವಳ ಗೆಳತಿಯರು ನಗುತ್ತಿದ್ದರು. ಹೆಸರು ಹಿಡಿದು ಕೂಗಿದೆ, ತಿರುಗಲಿಲ್ಲ. ನಾನು ನುಗ್ಗಿ ಹೋಗಿ ರಟ್ಟೆ ಹಿಡಿದು ಎಳೆದೆ. ಎರಡು ಸಲ ಕೆಮ್ಮಿ, 'ಏನಿಲ್ಲ ಮಿಸ್' ಅಂದಳು. ಲೈಫ್‌ಗಾರ್ಡ್ ಆಗ ಇನ್ನೊಂದು ಕಡೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತುತ್ತಿದ್ದ ಹುಡುಗರಿಗೆ ಸೀಟಿ ಊದುತ್ತಿದ್ದರು. ಅದೂ ಅವರ ಕೆಲಸವೇ. ಲೈಫ್‌ಗಾರ್ಡ್ ತರಬೇತಿಯಲ್ಲಿ 10/20 ಅಂತ ಒಂದು ನಿಯಮ ಹೇಳಿಕೊಡುತ್ತಾರೆ. ತನ್ನ ಪಾಲಿನ ನೀರನ್ನು 10 ಸೆಕೆಂಡಿನಲ್ಲಿ ಪೂರ್ತಿ ಕಣ್ಣಾಡಿಸಬೇಕು, ಮುಳುಗುವವರ ಹತ್ತಿರ 20 ಸೆಕೆಂಡಿನಲ್ಲಿ ತಲುಪಬೇಕು. ರಜೆ ದಿನದ ಜಾತ್ರೆಯಲ್ಲಿ ಇದು ಎಷ್ಟು ಕಷ್ಟ ಅಂತ ದಡದಲ್ಲಿ ನಿಂತು ಒಮ್ಮೆ ನೀವೇ ಪ್ರಯತ್ನಿಸಿ ನೋಡಿ. ಅವರಿಗೆ ಎಲ್ಲ ತಲೆಗಳೂ ಒಂದೇ. ಈ ಹುಡುಗಿ ಹೇಗೆ ನಗುತ್ತಾಳೆ, ಹೇಗೆ ಹೆದರುತ್ತಾಳೆ ಅಂತ ಗೊತ್ತಿರುವುದು ನಮಗೆ.

ಹಾಗಾದರೆ ಶಿಕ್ಷಕರು ಯಾಕೆ ನೀರಿಗೆ ಇಳಿಯುವುದಿಲ್ಲ? ಸೋಮಾರಿತನ ಅಂತ ಬೈಯುವುದು ಸುಲಭ. ನಮ್ಮಲ್ಲಿ ಹೆಂಗಸರಿಗೆ ನಿಜವಾದ ಕಾರಣ ಬಟ್ಟೆ. ಕಾಟನ್ ಬಟ್ಟೆ, ಸೀರೆ, ದುಪಟ್ಟಾ ನೀರಿಗೆ ತರುವಂತಿಲ್ಲ ಅನ್ನುತ್ತಾರೆ. ಬಾಡಿಗೆ ಡ್ರೆಸ್ ಕೌಂಟರ್ ಮುಂದೆ ಯಾವಾಗಲೂ ಜಗಳ. 'ಸೀರೆ ಉಟ್ಟುಕೊಂಡೇ ಕಾವೇರಿಯಲ್ಲಿ ಮುಳುಗಿ ಏಳ್ತೀವಿ, ಇದೇನು ಹೊಸ ಕಾನೂನು' ಅಂತ ಅಜ್ಜಿಯೊಬ್ಬರು ದಬಾಯಿಸಿದ್ದನ್ನು ಕೇಳಿದ್ದೇನೆ. ನಿಯಮದಲ್ಲಿ ಅರ್ಥ ಇದೆ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಫಿಲ್ಟರ್ ಕಟ್ಟಿಸುತ್ತದೆ. ಸಡಿಲ ಸೆರಗು ಸ್ಲೈಡ್‌ನಲ್ಲಿ ಸಿಕ್ಕಿಕೊಂಡರೆ ಕುತ್ತಿಗೆಗೇ ಬರುತ್ತದೆ. ಮುಡಿದ ಮಲ್ಲಿಗೆ, ಹೇರ್‌ಪಿನ್ನು ಎಲ್ಲ ಕೊನೆಗೆ ಫಿಲ್ಟರ್ ಜಾಲರಿಗೇ ಹೋಗಿ ಬೀಳುವುದು. ಅಂದಹಾಗೆ, ಇಳಿಯುವ ಮೊದಲು ಶವರ್ ಮಾಡಿ ಅನ್ನುವುದೂ ಸುಮ್ನೆ ಅಲ್ಲ. ಕೊಳದ ಹತ್ತಿರ ಮೂಗಿಗೆ ಹೊಡೆಯುವ ವಾಸನೆ ಬಂದರೆ ನೀರು ಚೊಕ್ಕ ಇದೆ ಅಂತಲ್ಲ. ಬೆವರು, ಉಚ್ಚೆಯ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ವಾಸನೆ ಅದು.

ಆದರೆ ನಿಯಮ ಪಾಲಿಸಲು ಕೊಡುವ ಡ್ರೆಸ್ ಮೈಗಂಟುವ, ಮೊಣಕಾಲು ಕಾಣುವ ಡ್ರೆಸ್ ಆದರೆ, ದಿನಾ ಸೀರೆಯಲ್ಲಿ ಪಾಠ ಮಾಡುವ ಟೀಚರ್ ಹತ್ತನೇ ಕ್ಲಾಸಿನ ಹುಡುಗರ ಮುಂದೆ, ಅದೂ ಎಲ್ಲರ ಕೈಯಲ್ಲಿ ಮೊಬೈಲ್ ಇರುವಾಗ, ಹೇಗೆ ಇಳಿದಾರು? ತುಂಬು ತೋಳಿನ, ಪಾದದವರೆಗಿನ, ಗಾಢ ಬಣ್ಣದ ನೈಲಾನ್ ಡ್ರೆಸ್ ಅಂಗಡಿಗಳಲ್ಲಿ ಸಿಗುತ್ತದೆ. ಪಾರ್ಕಿನವರು ಎಲ್ಲ ಅಳತೆಯಲ್ಲೂ ಅಂಥದ್ದನ್ನು ಬಾಡಿಗೆಗೆ ಇಡಲಿ. ಎಷ್ಟು ಮಿಸ್‌ಗಳು ತಾವಾಗಿಯೇ ಇಳಿಯುತ್ತಾರೆ ನೋಡಿ. ಬ್ಯಾಗ್ ಕಾಯುವ ನೆಪಕ್ಕೂ ಮದ್ದಿದೆ. ಲಾಕರ್ ಬಾಡಿಗೆಯನ್ನು ಪ್ರವಾಸದ ಫೀಸಿಗೇ ಸೇರಿಸಿಬಿಟ್ಟರೆ ಆಯಿತು.

ಇನ್ನೊಂದು ಮುಖ್ಯ ವಿಷಯ ಲೈಫ್ ಜಾಕೆಟ್. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರ ಟೈಫೂನ್ ಲಗೂನ್ ವಾಟರ್ ಪಾರ್ಕಿನಲ್ಲಿ ಲೈಫ್ ಜಾಕೆಟ್ ಪುಕ್ಕಟೆ ಸಿಗುತ್ತದೆ, ಹಾಕಿಕೊಂಡು ಆಡಿ ವಾಪಸ್ ಕೊಟ್ಟರಾಯಿತು. ದೊಡ್ಡವರೂ ನಾಚಿಕೆಯಿಲ್ಲದೆ ಹಾಕಿಕೊಳ್ಳಬಹುದು. ಗಾಳಿ ತುಂಬಿದ ಟ್ಯೂಬ್ ಇದಕ್ಕೆ ಬದಲಿ ಅಲ್ಲ. ಅಲೆ ಬಡಿದಾಗ ಟ್ಯೂಬ್ ಒಂದು ಕಡೆ, ಮಗು ಒಂದು ಕಡೆ. ನಮ್ಮ ಪಾರ್ಕ್‌ಗಳು ಕೊನೇ ಪಕ್ಷ ಶಾಲೆಯ ಗುಂಪುಗಳಿಗಾದರೂ ವೇವ್ ಪೂಲ್‌ನಲ್ಲಿ ಜಾಕೆಟ್ ಕಡ್ಡಾಯ ಮಾಡಿ, ದುಡ್ಡು ಕೇಳದೆ ಕೊಡಲಿ. ಜಾಕೆಟ್ ಇಲ್ಲದ ಕಡೆ, ಈಜು ಬಾರದ ಮಕ್ಕಳಿಗೆ ರೇನ್ ಡ್ಯಾನ್ಸ್, ಚಿಕ್ಕ ಕೊಳ ಸಾಕು. ಅಲ್ಲೂ ಖುಷಿಗೇನು ಬರವಿಲ್ಲ.

ಇಲಾಖೆಗೂ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ, ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಕಡಲು ಬೇರೆ, ಪಾರ್ಕಿನ ಕೊಳ ಬೇರೆ, ಒಪ್ಪುತ್ತೇನೆ. ಈಜು ಬಾರದ ಮಕ್ಕಳು ಎರಡೂ ಕಡೆ ಅವರೇ. ಪ್ರವಾಸಕ್ಕೆ ಅನುಮತಿ ಕೇಳುವಾಗ ಬಸ್ಸಿನ ದಾಖಲೆ ಕೊಡುತ್ತೇವೆ, ಪೋಷಕರ ಒಪ್ಪಿಗೆ ಪತ್ರ ಕೊಡುತ್ತೇವೆ. ಅದೇ ಅರ್ಜಿಯಲ್ಲಿ ಇನ್ನೆರಡು ಸಾಲು ಸೇರಿಸಿ: ಯಾವ ಮಕ್ಕಳಿಗೆ ಈಜು ಬರುತ್ತದೆ, ಮಕ್ಕಳ ಜೊತೆ ನೀರಿಗೆ ಇಳಿಯುವ ಶಿಕ್ಷಕರು ಯಾರು. 'ಈಜು ಬರುತ್ತೆ' ಅಂತ ಮಕ್ಕಳು ಹೇಳಿದ್ದನ್ನಲ್ಲ, ಮನೆಯವರು ಬರೆದು ಸಹಿ ಹಾಕಿದ್ದನ್ನು ನಂಬಬೇಕು. ನಾಲೆಯ ಮೆಟ್ಟಿಲು ಹಿಡಿದು ಮುಳುಗಿ ಏಳುವುದು ಈಜಲ್ಲ.

ಪೋಷಕರೂ ಪ್ರವಾಸದ ಹಣ ಕಟ್ಟುವ ದಿನ ಊಟ ಏನು, ಬಸ್ ಎಷ್ಟೊತ್ತಿಗೆ ಅಂತ ಮಾತ್ರ ಕೇಳಬೇಡಿ. ನಿಮ್ಮ ಮಗು ನೀರಿನಲ್ಲಿರುವಾಗ ಯಾವ ಮೇಷ್ಟ್ರು ನೀರಿನಲ್ಲಿರುತ್ತಾರೆ ಅಂತ ಹೆಸರು ಕೇಳಿ ಬರೆದುಕೊಳ್ಳಿ. ನಮ್ಮ ಶಾಲೆಯ ಪ್ರವಾಸ ಜನವರಿಯಲ್ಲಿದೆ. ನನ್ನ ಹೆಸರು ಕೊಟ್ಟಿದ್ದೇನೆ, ಇನ್ನೂ ಇಬ್ಬರು ಬೇಕಾಗಿದ್ದಾರೆ.

- ಒಬ್ಬ ಶಿಕ್ಷಕಿ, ಮದ್ದೂರು