ಭಾನುವಾರದ ಚಿತ್ರ: ಗೋಯಾನ ನಾಯಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ನಮ್ಮ ವಿಡಿಯೋ ಭೇಟಿ ಇದೆ. ಈ ಸಲ ಪ್ರಾಣಿಗಳ ಚಿತ್ರ ನೋಡೋಣ.

ಮೊದಲನೆಯದು ಸ್ಪೇನ್‌ನ ಚಿತ್ರಕಾರ ಗೋಯಾ ಬರೆದ ನಾಯಿ. 1819 ಮತ್ತು 1823ರ ನಡುವೆ ತನ್ನ ಮನೆ ಗೋಡೆಯ ಮೇಲೇ ಬರೆದದ್ದು. ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಚಿತ್ರಕ್ಕೆ ಹೆಸರು ಅವನು ಇಟ್ಟಿದ್ದಲ್ಲ, ಆಮೇಲೆ ಬೇರೆಯವರು ಇಟ್ಟರು. ಕೆಳಗೆ ಕಂದು ಇಳಿಜಾರು, ಅದರಾಚೆ ನಾಯಿಯ ತಲೆ ಮಾತ್ರ. ಮೂತಿ ಮೇಲೆತ್ತಿದೆ. ಉಳಿದದ್ದೆಲ್ಲ ಮಸುಕು ಹಳದಿ, ಖಾಲಿ. ಮುಳುಗುತ್ತಿದೆಯಾ, ಅಡಗಿದೆಯಾ, ಯಾರನ್ನೋ ಕಾಯುತ್ತಿದೆಯಾ? ನನಗಂತೂ ದಿನಕ್ಕೊಂದು ಥರ ಕಾಣುತ್ತದೆ.

ಎರಡನೆಯದು ಜರ್ಮನಿಯ ಚಿತ್ರಕಾರ ಫ್ರಾಂಜ್ ಮಾರ್ಕ್ 1911ರಲ್ಲಿ ಬರೆದ ನೀಲಿ ಕುದುರೆಗಳು.

ಚಿತ್ರಗಳನ್ನು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ. ದಯವಿಟ್ಟು ಗೂಗಲ್ ಮಾಡಬೇಡಿ. ಎರಡು ನಿಮಿಷ ಸುಮ್ನೆ ನೋಡಿ, ಅನಿಸಿದ್ದನ್ನು ಎರಡೇ ಸಾಲು ಬರೆಯಿರಿ. ಶನಿವಾರದೊಳಗೆ ನನಗೆ ಬೇರೆಯಾಗಿ ಕಳಿಸಿ, ಗುಂಪಿನಲ್ಲಿ ಬೇಡ. ಹೋದ ಸಲ ಮೊದಲ ಉತ್ತರ ನೋಡಿ ಉಳಿದವರೆಲ್ಲ ಅದನ್ನೇ ತಿರುಗಿಸಿ ಬರೆದಿದ್ದೆವು, ಅಲ್ವಾ? ನಾನೂ ಸೇರಿ!

ಹೆಸರಿಲ್ಲದೆ ಎಲ್ಲವನ್ನೂ ಓದುತ್ತೇನೆ. ಹೊಸಬರಿಗೆ ಸಂಕೋಚ ಬೇಡ, ಇಲ್ಲಿ ಸರಿ ಉತ್ತರ ಯಾರ ಹತ್ತಿರವೂ ಇಲ್ಲ.

ಬರುವವರು ಕೆಳಗೆ ‘ಬರ್ತೀನಿ’ ಅಂತ ಹಾಕಿ. ಲಿಂಕ್ ಭಾನುವಾರ ಮಧ್ಯಾಹ್ನ ಕಳಿಸುತ್ತೇನೆ.