ಮಂಡಕ್ಕಿ ಚೀಲ ಬಿಟ್ಟು ಹೋದ ಮಗಳಿಗೆ

ಅವ್ವಾ, ಜಗಳೂರು ಕಡೆ ಶಿಬಿರಕ್ಕೆ ಹೋಗಿ ಮೂರು ದಿನ ಆಯ್ತು, ನಂಗೊಂದು ಫೋನಿಲ್ಲ, ನಿಮ್ಮವ್ವನಿಗೆ ಮಾತ್ರ ಮೆಸೇಜ್ ಹಾಕ್ತೀಯಂತೆ. ಆವತ್ತು ರಾತ್ರಿ ನಾನು ಏನೇನಂದೆ ಅಂತ ಮತ್ತೆ ಬರೆಯಲ್ಲ. ನೀನು ಕೇಳಿದ್ದು ಒಂದೇ ಮಾತು, ನಮ್ಮ ಮಂಡಕ್ಕಿ ಭಟ್ಟೀಲಿ ಯಾವತ್ತಾದ್ರೂ ಸಣ್ಣ ಹುಡುಗ್ರು ದುಡಿದಿದ್ರಾ ಅಂತ. ಇಲ್ಲ ಅಂದೆ. ಸುಳ್ಳು ಅದು.

ನೀನು ಹುಟ್ಟೋಕೂ ಮುಂಚೆ ಒಬ್ಬ ಇದ್ದ, ಹತ್ತೋ ಹನ್ನೊಂದೋ ವರ್ಷ, ಅವರಪ್ಪ ಐನೂರು ರೂಪಾಯಿ ಮುಂಗಡ ಇಸ್ಕೊಂಡು ಬಿಟ್ಟು ಹೋಗಿದ್ದ. ಕಾದ ಮರಳಿಗೆ ಅಕ್ಕಿ ಸುರಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಅರಳುತ್ತೆ, ತಕ್ಷಣ ಜರಡಿಗೆ ಎತ್ತಿ ಹಾಕ್ಬೇಕು, ದೊಡ್ಡೋರ ಕೆಲಸ ಅದು. ಆವತ್ತು ಆಳು ಬಂದಿರ್ಲಿಲ್ಲ, ಹುಡುಗನಿಗೇ ಹೇಳ್ದೆ. ಮರಳು ಮೊಣಕೈ ತನಕ ಬಿತ್ತು. ಅವನು ಅಳ್ಲಿಲ್ಲ ಕಣವ್ವಾ, ಚೆಲ್ಲಿದ ಮಂಡಕ್ಕಿನ ಇನ್ನೊಂದು ಕೈಲಿ ಬಳಿಯೋಕೆ ಶುರು ಮಾಡ್ದ, ನಾನು ಬೈತೀನಿ ಅಂತ. ಮುಲಾಮು ಹಚ್ಚಿ ನೂರು ರೂಪಾಯಿ ಕೊಟ್ಟು ಬಸ್ ಹತ್ತಿಸ್ದೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ, ಹೋದ್ರೆ ಕೇಳ್ತಾರಲ್ಲ. ಕಿಟಕಿ ಪಕ್ಕ ಕೂತು ಆ ಕೈನ ಹೊರಗೆ ಗಾಳಿಗೆ ಹಿಡಿದಿದ್ದ. ಏ ಹುಡ್ಗಾ ಅಂತಲೇ ಕರೀತಿದ್ವಿ, ಹೆಸರು ಕೇಳೇ ಇರ್ಲಿಲ್ಲ. ಈಗ್ಲೂ ಬಸ್ ಸ್ಟ್ಯಾಂಡಲ್ಲಿ ಮೂವತ್ತು ದಾಟಿದ ಗಂಡಸ್ರ ಮೊಣಕೈ ನೋಡ್ತೀನಿ.

ನೀನು ಹೋದ್ಮೇಲೆ ನಿನ್ನ ಫೀಲ್ಡ್‌ವರ್ಕ್ ರೆಕಾರ್ಡ್ ಓದ್ದೆ, ಕೇಳದೇ ಓದಿದ್ದು ತಪ್ಪು. ಮಗು ಪಕ್ಕ ಹತ್ತು ನಿಮಿಷ ಏನೂ ಕೇಳದೆ ಕೂತಿದ್ದೆ ಅಂತ ಬರ್ದಿದೀಯ, ಅವನ ಹೆಸರು ಹೊರಗೆ ಹೋಗ್ಬಾರ್ದು ಅಂತ ಒಂದೇ ಅಕ್ಷರ ಹಾಕಿದೀಯ. ಎರಡು ಸಲ ಓದ್ದೆ. ಈ ಸಮಾಜಕಾರ್ಯದ ಡಿಗ್ರಿ, ಬಿಎಸ್‌ಡಬ್ಲ್ಯೂ ಬೇಡ, ನರ್ಸಿಂಗ್ ಮಾಡು ಅಂತ ಹಟ ಹಿಡಿದಿದ್ದೆನಲ್ಲ, ನಂಗೆ ಗೊತ್ತಿರ್ಲಿಲ್ಲ ಇದೂ ಒಂದು ಓದು ಅಂತ.

ಆದ್ರೂ ಒಂದು ಮಾತು. ಹದಿನಾಲ್ಕರೊಳಗಿನ ಮಕ್ಕಳನ್ನ ದುಡಿಸಂಗಿಲ್ಲ ಅಂತ 2016ರಲ್ಲಿ ಕಾನೂನು ಬಿಗಿ ಆಯ್ತು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರೆ ಬರ್ತಾರೆ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ನಿಲ್ಲಿಸ್ತಾರೆ, ಸರಿ. ಆದ್ರೆ ಮಾಲೀಕನ ಮುಂದೆ ಹುಡುಗನ್ನ ಮಾತಾಡಿಸ್ಬೇಡ, ನೀನು ಹೋದ್ಮೇಲೆ ಏಟು ತಿನ್ನೋನು ಅವನೇ. ಮನೇಲಿ ಮುಂಗಡ ಎಷ್ಟು ಇಸ್ಕೊಂಡಿದಾರೆ ಅಂತ ಮೊದಲು ತಿಳ್ಕೋ, ಅದು ತೀರದಿದ್ರೆ ಬಿಡಿಸಿದ ಹುಡುಗ ಇನ್ನೊಂದು ಭಟ್ಟೀಲಿ ಇರ್ತಾನೆ, ನಾನು ಈ ಧಂದೆಯೋನು, ನಂಗೊತ್ತು. ಬೇರೆಯೋರ ಸಂಕಟನೆಲ್ಲ ಹೊತ್ಕೊಂಡು ನೀನು ಊಟ ಬಿಟ್ರೆ ನಾನು ಸುಮ್ನಿರಲ್ಲ. ನೋಡು, ಮತ್ತೆ ಬುದ್ಧಿ ಹೇಳೋಕೆ ಶುರು ಮಾಡ್ದೆ.

ಶಿಬಿರ ಮುಗಿದ್ಮೇಲೆ ಆ ರೆಕಾರ್ಡ್ ಪುಸ್ತಕ ತಗೊಂಡು ನಮ್ಮ ಭಟ್ಟಿಗೇ ಬಾ. ಕೇಳಿದ್ದಕ್ಕೆಲ್ಲ ಹೇಳ್ತೀನಿ, ಬರ್ಕೋ. ನೀನು ಬಿಟ್ಟು ಹೋದ ನರ್ಗಿಸ್ ಮಂಡಕ್ಕಿ ಚೀಲ ಬೆಳಿಗ್ಗೆ ಜಗಳೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತೀನಿ. ಖಾರ ಬೇರೆ ಕಟ್ಟಿದೀನಿ, ಎಲ್ರೂ ಹಂಚ್ಕೊಳ್ಳಿ.

ನಿಮ್ಮಪ್ಪ